ಪಿಲ್ಲಗುಂಪೆಯಲ್ಲಿ ಸಮುದ್ರದ ನೀರು

ನಾನು ಮರೀನ್ ಸರ್ವೇಯರ್ ಎಂದರೆ ನಮ್ಮ ಕಡೆಯವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿ, ಹೊಸಕೋಟೆ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಎಂದು ಕಾರಿನಲ್ಲಿ ಸುತ್ತುವವನಿಗೆ ಸಮುದ್ರದ ಕೆಲಸ ಎಲ್ಲಿಂದ ಬಂತು ಎಂದು ಅವರಿಗೆ ತಮಾಷೆ. ನಮ್ಮ ಚಿಕ್ಕಪ್ಪ ಸಿಕ್ಕಾಗಲೆಲ್ಲ ಕೇಳುತ್ತಾರೆ, "ಏನಪ್ಪಾ, ಇವತ್ತು ಹಡಗು ಎಲ್ಲಿ ನಿಂತೈತೆ? ಪಿಲ್ಲಗುಂಪೆಲೋ, ಸೋಂಪುರದ ಟೋಲ್ ಹತ್ರಾನೋ?" ಭೂಸ್ವಾಧೀನದ ವಿರುದ್ಧ ಹೋರಾಟ ನಡೆದಿರುವ ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಡೆ ಹೋದರೆ ನಗುವವರೂ ಇಲ್ಲ. ಸರ್ವೆ ಎಂಬ ಮಾತು ಕಿವಿಗೆ ಬಿದ್ದರೆ ಜಮೀನು ಅಳೆಯುವವನು ಬಂದ ಎಂದು ಕಾರನ್ನೇ ಅಡ್ಡಗಟ್ಟುತ್ತಾರೆ.

ಕೆಲಸ ಇಷ್ಟೇ. ಹೊರದೇಶದಿಂದ ಹಡಗಿನಲ್ಲಿ ಬಂದ ಸರಕು ಚೆನ್ನೈ ಬಂದರಿನಲ್ಲಿ ಇಳಿದು, ಕಂಟೇನರ್ ಸಮೇತ ಟ್ರೇಲರ್ ಹತ್ತಿ ನಮ್ಮ ಕಾರ್ಖಾನೆಗಳಿಗೆ ಬರುತ್ತದೆ. ಕಾರ್ಖಾನೆಯ ಶೆಡ್ಡಿನಲ್ಲಿ ಇಳಿಯುವವರೆಗೂ ವಿಮೆಯವರ ಲೆಕ್ಕದಲ್ಲಿ ಅದು ಸಮುದ್ರದ ಸರಕೇ. ಒಡೆದಿದ್ದರೆ, ನೆಂದಿದ್ದರೆ, ತುಕ್ಕು ಹಿಡಿದಿದ್ದರೆ ನನ್ನನ್ನು ಕರೆಯುತ್ತಾರೆ. ಹೋಗಿ ನೋಡಿ, ಇದು ಎಲ್ಲಾಯಿತು, ಹೇಗಾಯಿತು ಎಂದು ಬರೆದುಕೊಡಬೇಕು. ಹಡಗಿನ ಹೊಟ್ಟೆಯ ಮೇಲೆ ಎಳೆದಿರುವ ಭಾರದ ಗೆರೆಗಳು, ಸರಕಿನ ರಶೀದಿಯಾದ ಬಿಲ್ ಆಫ್ ಲೇಡಿಂಗ್, ಅಲೆ, ಗಾಳಿ, ಬಿರುಗಾಳಿ ಎಲ್ಲವನ್ನೂ ನಾನು ಪುಸ್ತಕದಲ್ಲಿ ಓದಿ ಪರೀಕ್ಷೆ ಪಾಸು ಮಾಡಿದವನು. ಸಮುದ್ರವನ್ನು ಕಣ್ಣಾರೆ ಕಂಡದ್ದು ಲೈಸೆನ್ಸ್ ಬಂದ ಮೇಲೆ, ಅದೂ ಬಂದರಿನ ಬೇಲಿಯಾಚೆಯಿಂದ.

ನಮ್ಮ ಕಸುಬಿನ ದೊಡ್ಡ ಆಯುಧವೆಂದರೆ ಸಿಲ್ವರ್ ನೈಟ್ರೇಟಿನ ಒಂದು ಪುಟ್ಟ ಕಂದು ಬಾಟಲಿ. ನೆಂದ ಜಾಗವನ್ನು ಹತ್ತಿಯಿಂದ ಒರೆಸಿ, ಆ ಹತ್ತಿಯ ಮೇಲೆ ಎರಡು ಹನಿ ಬಿಟ್ಟರೆ ಸಾಕು. ಹಾಲಿನ ಹಾಗೆ ಬೆಳ್ಳಗಾದರೆ ಅದು ಉಪ್ಪುನೀರು, ಅಂದರೆ ಸಮುದ್ರದಲ್ಲಿ ನೆಂದದ್ದು. ತಿಳಿಯಾಗಿಯೇ ಉಳಿದರೆ ಮಳೆನೀರು. ಆ ಹನಿ ಕೈಗೆ ತಾಗಿದರೆ ಚರ್ಮ ಕಪ್ಪಾಗುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಮದುವೆಮನೆಗಳಲ್ಲಿ ಊಟಕ್ಕೆ ಕೂತಾಗ ಪಕ್ಕದವರು ನನ್ನ ಬೆರಳುಗಳನ್ನು ನೋಡಿ ಸ್ವಲ್ಪ ಸರಿದು ಕೂರುತ್ತಾರೆ.

ಈಗ ಹೇಳಹೊರಟದ್ದು ಹೊಸಕೋಟೆ ಪಕ್ಕದ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ನಡೆದದ್ದು. ಅಲ್ಲಿಗೆ ನಾನು ಅದಕ್ಕೂ ಮೊದಲು ಐದಾರು ಸಲ ಹೋಗಿದ್ದೆ. ಅಲ್ಲಿ ಕಸ ಗುಡಿಸುವ ಒಬ್ಬ ಹೆಂಗಸಿದ್ದಳು. ಹೆಚ್ಚುಕಮ್ಮಿ ನನ್ನದೇ ವಯಸ್ಸು. ನಾನು ಹೋದಾಗಲೆಲ್ಲ ಕ್ಯಾಂಟೀನಿನಿಂದ ಟೀ ತಂದುಕೊಡುವವಳೂ ಅವಳೇ. ಮೊದಲ ಸಲವೇ ಕಿಟಕಿಯಾಚೆ ಕೈ ತೋರಿಸಿ ಹೇಳಿದ್ದಳು, "ನಿಮ್ಮ ಕಾರು ನಿಂತೈತಲ್ಲ ಸಾ, ಅದು ನಮ್ಮ ಕಣ. ಈ ಶೆಡ್ಡಿರೋದು ರಾಗಿ ಹೊಲ." ಜಮೀನು ಹೋದಾಗ ಮನೆಗೊಂದು ಕೆಲಸ ಕೊಡುತ್ತೇವೆ ಎಂದಿದ್ದರಂತೆ. ಗಂಡ ಆ ಕೆಲಸ ಬರುತ್ತದೆಂದು ಕಾದು ಕಾದು ತೀರಿಕೊಂಡ. ಕಡೆಗೆ ಬಂದದ್ದು ಇವಳಿಗೆ, ಈ ಪೊರಕೆ ಕೆಲಸ, ಅದೂ ಕಂಟ್ರಾಕ್ಟರನ ಕೈಕೆಳಗೆ. ಹನ್ನೊಂದು ವರ್ಷ ಹಾಗೇ ದುಡಿದಿದ್ದಳು.

ಆ ಮಂಗಳವಾರ ನಾನು ಹೋದಾಗ ಅವಳ ಮುಖ ಬೇರೆಯೇ ಇತ್ತು. ಟೀ ಲೋಟ ಇಟ್ಟವಳು ಅಲ್ಲೇ ನಿಂತಳು.

"ಬರೋ ತಿಂಗಳು ಪರ್ಮನೆಂಟ್ ಸಾ. ಕಂಪನಿ ಲಿಸ್ಟಲ್ಲೇ ಹೆಸ್ರು. ಲೆಟರ್ ಟೈಪಾಗೈತಂತೆ, ಸಹಿ ಒಂದು ಬಾಕಿ."

"ಪರವಾಗಿಲ್ವೇ ಅಕ್ಕಾ, ಸ್ವೀಟ್ ಎಲ್ಲಿ?" ಎಂದೆ.

"ಲೆಟರ್ ಕೈಗೆ ಬರ್ಲಿ ಸಾ. ಅಲ್ಲೀಗಂಟ ಬಾಯ್ ಬಿಡ್ಬಾರ್ದು. ನಿಮ್ಗಂತ ಹೇಳ್ದೆ" ಎಂದು ನಾಲಿಗೆ ಕಚ್ಚಿಕೊಂಡು ಹೋದಳು.

ನನ್ನನ್ನು ಕರೆಸಿದ್ದು ಒಂದು ದೊಡ್ಡ ಪ್ರೆಸ್ ಮೆಷಿನ್ನಿನ ವಿಷಯಕ್ಕೆ. ಕಂಟೇನರ್ ಶನಿವಾರ ಬಂದು ಅಂಗಳದಲ್ಲಿ ನಿಂತಿತ್ತು. ಭಾನುವಾರ ಮಳೆ ಹೊಡೆದಿತ್ತು. ಸೋಮವಾರ ಬೆಳಿಗ್ಗೆ ಮೆಷಿನ್ನನ್ನು ಶೆಡ್ಡಿಗೆ ಇಳಿಸಿ, ಮರದ ಪೆಟ್ಟಿಗೆ ಬಿಚ್ಚಿ ನೋಡಿದರೆ ತಳದ ಕಬ್ಬಿಣವೆಲ್ಲ ತುಕ್ಕು. ಈಗ ಪ್ರಶ್ನೆ ಒಂದೇ. ಸಮುದ್ರದಲ್ಲಿ ನೀರು ನುಗ್ಗಿದ್ದರೆ ವಿಮೆಯವರು ನಷ್ಟ ತುಂಬಬೇಕು. ಭಾನುವಾರದ ಮಳೆಯಲ್ಲಿ ನೆಂದಿದ್ದರೆ, ಎರಡು ದಿನ ಹೊರಗೆ ಯಾಕೆ ನಿಲ್ಲಿಸಿದಿರಿ ಎಂದು ಕಾರ್ಖಾನೆಯವರ ಕೊರಳಿಗೇ ಸುತ್ತಿಕೊಳ್ಳುತ್ತದೆ.

ನಾನು ಮೊದಲು ಖಾಲಿ ಕಂಟೇನರಿನ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡೆ. ಇದು ನಮ್ಮ ಪದ್ಧತಿ. ಒಳಗೆ ಕತ್ತಲಲ್ಲಿ ನಿಂತು ಮೇಲೆ, ಸುತ್ತ ನೋಡಬೇಕು. ಎಲ್ಲಾದರೂ ಬೆಳಕು ಕಂಡರೆ ಅಲ್ಲಿ ತೂತಿದೆ ಎಂದರ್ಥ. ಕಂಡಿತು, ಚಾವಣಿಯ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು. ಆ ತೂತಿನ ಕೆಳಗೆ ಗೋಡೆಯ ಮೇಲೆ ನೀರು ಇಳಿದ ಗೆರೆಗಳೂ ಇದ್ದವು. ಅಲ್ಲಿ ಎರಡು ಹನಿ ಬಿಟ್ಟು ನೋಡಬೇಕಿತ್ತು. ಅದಕ್ಕೆ ಏಣಿ ಬೇಕು, ಏಣಿ ಎಲ್ಲೋ ಹಿಂದಿನ ಶೆಡ್ಡಿನಲ್ಲಿದೆ ಎಂದರು. ಒಳಗೆ ಬೆಂದುಹೋಗಿದ್ದ ನಾನು, ಇರಲಿ ಬಿಡಿ, ಮೆಷಿನ್ನನ್ನೇ ನೋಡೋಣ ಎಂದು ಹೊರಬಂದೆ.

ಮೆಷಿನ್ನಿನ ತಳವನ್ನು ಹತ್ತಿಯಿಂದ ಒರೆಸಿ ಹನಿ ಬಿಟ್ಟೆ. ಬೆಳ್ಳಗೆ, ಗಟ್ಟಿ ಹಾಲಿನ ಹಾಗೆ! ಪಕ್ಕದಲ್ಲಿದ್ದ ಫ್ಯಾಕ್ಟರಿ ಮ್ಯಾನೇಜರ್ ಉಸಿರು ಬಿಟ್ಟು, "ಸಮುದ್ರಾನೇ ಅಲ್ವಾ ಸಾರ್?" ಎಂದು ನನ್ನ ಬೆನ್ನು ತಟ್ಟಿದ. ಹೌದು ಎನ್ನಬೇಕು, ಅಷ್ಟರಲ್ಲಿ ನನ್ನ ಕಣ್ಣಿಗೆ ಅದು ಬಿತ್ತು. ಮೆಷಿನ್ನಿನ ತಳದ ಮೂಲೆಯಲ್ಲಿ ಬಿಳಿಯ ಹರಳುಗಳು, ಅಲ್ಲೇ ಪಕ್ಕದ ಹಲಗೆಯ ಮೇಲೆ ಒಂದು ಒಣಮೆಣಸಿನಕಾಯಿ.

ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ದೃಷ್ಟಿ ತೆಗೆದಿದ್ದಾರೆ. ಉಪ್ಪು, ಮೆಣಸಿನಕಾಯಿ ಹಿಡಿದು ನಿವಾಳಿಸಿದ್ದಾರೆ.

"ಯಾರು ಮಾಡಿದ್ದು ಇದು?" ಎಂದೆ.

ಮ್ಯಾನೇಜರ್ ಹಲ್ಲು ಕಿರಿದ. "ನಮ್ಮ ಹೌಸ್‌ಕೀಪಿಂಗ್ ಅಮ್ಮ ಸಾರ್. ಹಿಂದೊಂದು ಮೆಷಿನ್ ಬಂದಾಗ ಒಬ್ಬನ ಎರಡು ಬೆರಳು ಹೋಯ್ತಲ್ಲ, ಅಲ್ಲಿಂದ ಯಾವ ಮೆಷಿನ್ ಇಳಿದ್ರೂ ನಿವಾಳಿಸ್ತಾಳೆ. ಹುಡುಗ್ರಿಗೂ ಒಂದು ಧೈರ್ಯ, ಮಾಡ್ಕೊಳ್ಲಿ ಅಂತ ಬಿಟ್ಟಿದೀವಿ."

ಅವಳು ಅಲ್ಲೇ ಇದ್ದಳು, ಹತ್ತು ಹೆಜ್ಜೆ ದೂರದಲ್ಲಿ, ಕಂಬಕ್ಕೊರಗಿ, ಪೊರಕೆ ಹಿಡಿದು. ನನ್ನನ್ನು ನೋಡಿ ನಕ್ಕಳು ಕೂಡ. ನಾನು ಆ ಮೆಣಸಿನಕಾಯಿಯ ಪಕ್ಕ ಸ್ಕೇಲ್ ಇಟ್ಟು ನಾಲ್ಕು ಫೋಟೋ ತೆಗೆದೆ. ಹರಳುಗಳನ್ನು ಕೆರೆದು ಕವರಿಗೆ ಹಾಕಿ, ಮೊಹರು ಮಾಡಿ, ಲ್ಯಾಬಿಗೆ ಎಂದು ಬರೆದೆ. ಟ್ರೇಲರ್ ಡ್ರೈವರನ ಹೇಳಿಕೆ ಬರೆಸಿಕೊಂಡೆ, ಸ್ಟೋರ್ಸಿನವನದು, ಗೇಟಿನ ಸೆಕ್ಯುರಿಟಿಯದು, ಫೋರ್ಕ್‌ಲಿಫ್ಟಿನವನದು, ಎಲ್ಲರಿಂದಲೂ ಸಹಿ ಹಾಕಿಸಿಕೊಂಡೆ. ನನ್ನ ಫಾರಮ್ಮಿನಲ್ಲಿ ಇವರಿಗೆಲ್ಲ ಒಂದೊಂದು ಕಾಲಂ ಇದೆ. ಕಸ ಗುಡಿಸುವವರಿಗೆ ಇಲ್ಲ. ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಗಿತ್ತು. ಬೆಂಗಳೂರಿನ ದೊಡ್ಡ ಸರ್ವೇಯರ್ ಯಾರಾದರೂ ಬಂದಿದ್ದರೆ ಬಿಳಿ ಬಣ್ಣ ನೋಡಿ ಸಮುದ್ರ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದ. ಈ ಮಣ್ಣಿನವನಾದ್ದರಿಂದ ನಾನು ಹಿಡಿದೆ ಎಂಬ ಜಂಬ. ಎಂಥ ಜಂಬ ಅಂತೀರಿ! ಮನೆಗೆ ಬಂದವನೇ ಊಟಕ್ಕೆ ಕೂತು ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. ಅವಳು ಸಾರು ಬಡಿಸುತ್ತಾ ಬಡಿಸುತ್ತಾ ನಿಂತುಬಿಟ್ಟಳು.

"ಅಲ್ಲಾ ರೀ, ನಿವಾಳಿಸಿದ ಉಪ್ಪನ್ನ ಯಾರಾದ್ರೂ ಅಲ್ಲೇ ಬಿಟ್ಟು ಹೋಗ್ತಾರಾ?"

"ಅಂದ್ರೆ?"

"ದೃಷ್ಟಿ ತೆಗೆದ ಮೇಲೆ ಒಲೆಗೆ ಹಾಕ್ತೀವಿ, ಇಲ್ಲಾ ಮೂರು ದಾರಿ ಕೂಡೋ ಕಡೆ ಎಸೀತೀವಿ. ಯಾವುದಕ್ಕೆ ತೆಗೆದ್ವೋ ಅದರ ಮೇಲೇ ಸುರಿದು ಬರೋಕೆ ತಲೆ ಕೆಟ್ಟಿದ್ಯಾ? ಮೆಣಸಿನಕಾಯಿ ಒಂದು ಕೈತಪ್ಪಿ ಬಿದ್ದಿರಬೋದು. ಉಪ್ಪು ಅವಳದ್ದಲ್ಲ ಕಣ್ರೀ. ನಾಳೆ ಹೋಗಿ ಅವಳನ್ನೇ ಕೇಳಿ."

ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೇ, ಆ ಕ್ಷಣವೇ ಗೊತ್ತಾಯಿತು. ನಮ್ಮ ಮನೆಯಲ್ಲೂ ಮಗುವಿಗೆ ನಿವಾಳಿಸಿ ಒಲೆಗೆ ಹಾಕಿದರೆ ಚಟಪಟ ಸಿಡಿಯುವುದನ್ನು ನೋಡಿಕೊಂಡೇ ಬೆಳೆದವನು ನಾನು. ಆದರೆ ಬಾಯಿಂದ ಬಂದದ್ದು ಬೇರೆ.

"ನೀನು ಸುಮ್ನಿರೇ. ಸರ್ವೆ ಬಗ್ಗೆ ನಿಂಗೇನು ಗೊತ್ತು?"

ಖಾಲಿ ಕಂಟೇನರ್ ಮರುದಿನ ಸಂಜೆಯವರೆಗೂ ಅಲ್ಲೇ ಇತ್ತು. ನಮ್ಮ ಮನೆಯಿಂದ ಪಿಲ್ಲಗುಂಪೆಗೆ ಒಂದು ಗಂಟೆಯ ದಾರಿ. ಹೋಗಿ, ಏಣಿ ತರಿಸಿ, ಯಾರ ಕೈಗೂ ಎಟುಕದ ಆ ಮೂಲೆಯಲ್ಲಿ ಎರಡು ಹನಿ ಬಿಟ್ಟಿದ್ದರೆ ಎಲ್ಲವೂ ಇತ್ಯರ್ಥವಾಗುತ್ತಿತ್ತು. ನಾನು ಹೋಗಲಿಲ್ಲ. ಬೆಳಿಗ್ಗೆ ಎದ್ದು ಮೊದಲ ವರದಿ ಬರೆದೆ. ಪರೀಕ್ಷೆಯಲ್ಲಿ ಉಪ್ಪು ಕಂಡಿದೆ, ಆದರೆ ಕಾರ್ಖಾನೆಯ ಹೌಸ್‌ಕೀಪಿಂಗ್ ಕೆಲಸಗಾರ್ತಿ ಮೆಷಿನ್ನಿನ ಬಳಿ ಉಪ್ಪು ಬಳಸಿ ದೃಷ್ಟಿ ತೆಗೆದಿರುವುದರಿಂದ ಈ ಉಪ್ಪು ಸಮುದ್ರದ್ದೆಂದು ಹೇಳಲಾಗದು, ಲ್ಯಾಬಿನ ಫಲಿತಾಂಶ ಬರಬೇಕು, ಎಂದು. ಫೋಟೋ ಲಗತ್ತಿಸಿ, ಪ್ರತಿ ಪುಟಕ್ಕೂ ಸೀಲ್ ಹಾಕಿ, ಲೈಸೆನ್ಸ್ ನಂಬರ್ ಬರೆದು ಸಹಿ ಮಾಡಿ ವಿಮೆ ಕಂಪನಿಗೆ ಕಳಿಸಿದೆ. ಒಂದಕ್ಷರವೂ ಸುಳ್ಳಿರಲಿಲ್ಲ ಅದರಲ್ಲಿ. ಅದೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ವಿಮೆಯವರಿಗೆ ಬೇಕಾದದ್ದು ಸಿಕ್ಕಿತು. ಫೈಲು ತಡೆಹಿಡಿದು ಕಾರ್ಖಾನೆಗೆ ಪತ್ರ ಬರೆದರು. ನಾಲ್ಕನೆಯ ದಿನ ಮ್ಯಾನೇಜರ್ ಫೋನ್ ಮಾಡಿದ. ಬೈಯುತ್ತಾನೆ ಎಂದುಕೊಂಡೆ. ಇಲ್ಲ, ಬಹಳ ಸಮಾಧಾನದಲ್ಲಿದ್ದ.

"ಸಾರ್, ಮೇಲಿನವ್ರು ಕೇಳಿದ್ರು, ಯಾರದು ಈ ಎಡವಟ್ಟು ಅಂತ. ನಿಮ್ಮ ರಿಪೋರ್ಟಲ್ಲೇ ಇತ್ತಲ್ಲ, ತೋರಿಸ್ದೆ. ಆಯಮ್ಮನ್ನ ನಿನ್ನೆನೇ ಗೇಟಾಚೆ ಕಳಿಸಿದ್ವಿ. ಕಂಟ್ರಾಕ್ಟ್ ತಾನೆ, ತೊಂದ್ರೆ ಇಲ್ಲ."

"ಪರ್ಮನೆಂಟ್ ಲೆಟರ್ ಆಗಿತ್ತಂತಲ್ಲ?"

"ಹರಿದಾಕಿದ್ವಿ ಬಿಡಿ ಸಾರ್. ಈ ಕಾಲದಲ್ಲೂ ಮೂಢನಂಬಿಕೆ ಇಟ್ಕೊಂಡ್ರೆ ಏನ್ಮಾಡೋದು?"

ಮೂಢನಂಬಿಕೆಯಂತೆ! ಹೋದ ಆಯುಧಪೂಜೆಯಲ್ಲಿ ಅದೇ ಶೆಡ್ಡಿನ ಬಾಗಿಲಲ್ಲಿ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆದು, ಹಾರ ಹಾಕಿಸಿಕೊಂಡು ಫೋಟೋಗೆ ನಿಂತಿದ್ದವನು ಈ ಮಹಾರಾಯ. ಆ ಫೋಟೋ ರಿಸೆಪ್ಷನ್ನಿನ ಗೋಡೆಯ ಮೇಲಿದೆ. ನಾನು ಅದನ್ನು ಹೇಳಲಿಲ್ಲ. ಹೂಂ ಎಂದು ಫೋನ್ ಇಟ್ಟೆ.

ಲ್ಯಾಬಿನ ಫಲಿತಾಂಶ ಬರಲು ಒಂದೂವರೆ ತಿಂಗಳಾಯಿತು. ಹರಳಿನಲ್ಲಿ ಬರೀ ಉಪ್ಪಲ್ಲ, ಮೆಗ್ನೀಸಿಯಂ ಮೊದಲಾದವೆಲ್ಲ ಸಮುದ್ರದ ನೀರಿನಲ್ಲಿರುವಷ್ಟೇ ಪ್ರಮಾಣದಲ್ಲಿದ್ದವು. ಅಡುಗೆಮನೆಯ ಉಪ್ಪಿನಲ್ಲಿ ಹಾಗಿರುವುದಿಲ್ಲ. ಅದು ಹಡಗಿನ ಮೇಲೆ ಅಲೆ ಹೊಡೆದು ಆ ಸಾಸಿವೆಯಷ್ಟು ತೂತಿನಿಂದ ಇಳಿದ ನೀರೇ. ಕೊನೆಯ ವರದಿ ಬರೆದೆ. ಉಪ್ಪಿನ ಮೂಲ ಸಮುದ್ರ, ಮೊದಲ ವರದಿಯ ದೃಷ್ಟಿ ತೆಗೆದ ವಿಚಾರ ಇನ್ನು ಅಪ್ರಸ್ತುತ. ಅಪ್ರಸ್ತುತ! ಒಂದು ಪದದಲ್ಲಿ ಮುಗಿಸಿದೆ. ವಿಮೆಯವರು ಒಪ್ಪಿ ನಷ್ಟ ತುಂಬಿದರು. ಕಾರ್ಖಾನೆಗೆ ಹೊಸ ಮೆಷಿನ್ ಬಂತು. ನನಗೆ ಬರಬೇಕಾದ ಫೀಸು ಬಂತು. ಶ್ರದ್ಧೆಯಿಂದ ಕೆಲಸ ಮಾಡಿದ್ದೀರಿ ಎಂದು ವಿಮೆ ಕಚೇರಿಯ ಅಧಿಕಾರಿ ಹೊಗಳಿದರು.

ನಮ್ಮ ಕಸುಬಿನಲ್ಲಿ ಒಂದು ಹಳೆಯ ಕಾನೂನಿದೆ. ಹಡಗು ಮುಳುಗುವ ಹಾಗಾದರೆ ಅದನ್ನು ಉಳಿಸಲು ಕ್ಯಾಪ್ಟನ್ ಒಂದಿಷ್ಟು ಸರಕನ್ನು ಸಮುದ್ರಕ್ಕೆ ಎಸೆಯಬಹುದು. ಆದರೆ ಹಾಗೆ ಎಸೆದ ಸರಕಿನ ನಷ್ಟವನ್ನು ಒಬ್ಬನ ತಲೆಗೆ ಕಟ್ಟುವಂತಿಲ್ಲ. ಹಡಗಿನಲ್ಲಿ ಯಾರ ಯಾರ ಸರಕು ಉಳಿಯಿತೋ ಅವರೆಲ್ಲ ಸೇರಿ ಹಂಚಿಕೊಳ್ಳಬೇಕು. ಪರೀಕ್ಷೆಗೆ ಓದುವಾಗ ಎಂಥ ನ್ಯಾಯವಂತರಪ್ಪಾ ಈ ಹಡಗಿನವರು ಎಂದು ಮೆಚ್ಚಿಕೊಂಡಿದ್ದೆ. ಎಸೆದದ್ದು ಸರಕಾದರೆ ಮಾತ್ರ ಆ ಕಾನೂನು ಎಂದು ಆ ಪುಸ್ತಕದಲ್ಲಿ ಬರೆದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ, ಆಕೆಯ ತಪ್ಪಿರಲಿಲ್ಲ ಎಂದು ಸಾಬೀತಾಗಿದೆಯಲ್ಲ, ವಾಪಸ್ ಕರೆಸಿ ಎಂದೆ. "ಜಾಗ ಭರ್ತಿಯಾಗಿದೆ ಸಾರ್. ಕ್ಲೇಮ್ ಆಯ್ತಲ್ಲ, ಇನ್ಯಾಕೆ ಅದೆಲ್ಲ ಕೆದಕ್ತೀರಿ?" ಎಂದ.

ಹೆಂಡತಿ ಇದನ್ನೆಲ್ಲ ಕೇಳಿ ಒಂದೇ ಮಾತು ಹೇಳಿದಳು. "ಅವಳ ಮನೆಗಾದ್ರೂ ಹೋಗಿ ಬನ್ನಿ. ಅಷ್ಟೂ ಮಾಡ್ದೆ ಇದ್ರೆ ಹೇಗೆ?" ನಾನು ಆ ಹೆಂಗಸಿನ ಕೈಗೆ ಏನಾದರೂ ಕೊಡಬೇಕೆಂದು ಕೂತು ಒಂದು ಕಾಗದ ಬರೆದೆ. ಇಂಥ ಮೆಷಿನ್ನಿನ ತುಕ್ಕಿಗೆ ಸಮುದ್ರದ ನೀರೇ ಕಾರಣವೆಂದು ಲ್ಯಾಬಿನಿಂದ ಖಚಿತವಾಗಿದೆ, ಹೌಸ್‌ಕೀಪಿಂಗ್ ಕೆಲಸಗಾರ್ತಿಯ ತಪ್ಪೇನೂ ಇಲ್ಲ, ಎಂದು. ಒಂದು ಭಾನುವಾರ ಬೆಳಿಗ್ಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ಕಾರ್ಖಾನೆಯ ಹಿಂದಿನ ಹಳ್ಳಿಯಲ್ಲಿ ಅವಳ ಮನೆ ಹುಡುಕಿದೆ.

ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುಂದೆ ಎರಡು ಮೂಟೆ. ಹೊಸಕೋಟೆ ಸಂತೆಯವರಿಗೆ ಕೂಲಿಗೆ ಸುಲಿದುಕೊಡುವುದಂತೆ. ನನ್ನನ್ನು ನೋಡಿ ಏಳಲಿಲ್ಲ, ಕೂರಿ ಎನ್ನಲೂ ಇಲ್ಲ. ನಾನೇ ಮೆಟ್ಟಿಲ ಮೇಲೆ ಕೂತು, ಲ್ಯಾಬಿನ ವಿಷಯ ಹೇಳಿದೆ. ಆ ಉಪ್ಪು ನಿನ್ನದಲ್ಲ ಅಂತ ಗೊತ್ತಾಯ್ತು ಅಕ್ಕಾ ಎಂದೆ.

"ನಂಗೆ ಅವತ್ತೇ ಗೊತ್ತಿತ್ತಲ್ಲ ಸಾ" ಎಂದಳು, ಕೈ ನಿಲ್ಲಿಸದೆ. "ಮೂರು ಸುತ್ತು ನಿವಾಳಿಸ್ದೆ, ಗೇಟಾಚೆ ಮೂರು ದಾರಿ ಕೂಡೋ ಕಡೆ ಹಾಕ್ದೆ, ತಿರುಗಿ ನೋಡ್ದೆ ಬಂದೆ. ಹಿಡಿ ಬಿಗಿಯಾಗಿತ್ತು, ಒಂದು ಹರಳೂ ಬಿದ್ದಿಲ್ಲ. ಮೆಣಸಿನಕಾಯಿ ಒಂದು ಜಾರ್ತು, ಅದೂ ಗೊತ್ತು. ನಾನು ಅಲ್ಲೇ ನಿಂತಿದ್ನಲ್ಲ. ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ? ನಿಮ್ಗೆ ಗೊತ್ತಾಗಕ್ಕೆ ಲ್ಯಾಬು ಬೇಕಾಯ್ತಾ?"

ನನಗೂ ಆ ದಿನವೇ ಗೊತ್ತಾಗಿತ್ತು, ನನ್ನ ಹೆಂಡತಿ ಹೇಳಿದ್ದಳು ಎನ್ನಲು ನಾಲಿಗೆ ಏಳಲಿಲ್ಲ. ಜೇಬಿನಿಂದ ಕಾಗದ ತೆಗೆದು ಕೊಟ್ಟೆ. ಅವಳು ಕೈ ಒರೆಸಿಕೊಂಡು ಅದನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದಳು. ಓದುತ್ತಾ ಓದುತ್ತಾ ಅವಳ ಮುಖ ಸಡಿಲವಾಯಿತು, ಕಣ್ಣು ತುಂಬಿತು.

"ಇದನ್ನ ಹಿಡ್ಕೊಂಡು ಲೇಬರ್ ಆಫೀಸಿಗೆ ಹೋಗ್ಬೋದಲ್ವಾ ಸಾ? ಅಲ್ಲಿ ಒಬ್ರು ಹೇಳವ್ರೆ, ನಿನ್ನ ತಪ್ಪಿಲ್ಲ ಅಂತ ಯಾರಾದ್ರೂ ಬರ್ದುಕೊಟ್ರೆ ಕೇಸ್ ನಿಲ್ತದೆ ಅಂತ."

"ಹೋಗ್ಬೋದು" ಎಂದೆ.

ಅವಳು ಕಾಗದವನ್ನು ತಿರುಗಿಸಿ ಹಿಂದೆ ನೋಡಿದಳು. ಮತ್ತೆ ಮುಂದೆ ನೋಡಿದಳು. ಬಿಳಿ ಹಾಳೆ. ತಲೆಬರಹವಿಲ್ಲ, ಸೀಲಿಲ್ಲ, ಲೈಸೆನ್ಸ್ ನಂಬರಿಲ್ಲ. ಬರೆಯುವಾಗ ಅದನ್ನೆಲ್ಲ ನಾನು ಬೇಕೆಂದೇ ಬಿಟ್ಟಿದ್ದೆ. ವರದಿಯಲ್ಲಿರುವುದನ್ನು ವಿಮೆಯವರನ್ನು ಬಿಟ್ಟು ಇನ್ನೊಬ್ಬರಿಗೆ ಕೊಟ್ಟೆನೆಂದು ದೂರು ಹೋದರೆ ನನ್ನ ಲೈಸೆನ್ಸಿಗೆ ಕುತ್ತು. ಆ ಕಾರ್ಖಾನೆಯ ಕೆಲಸವೂ ಮತ್ತೆ ಸಿಗುವುದಿಲ್ಲ.

"ಸಹಿ ಎಲ್ಲಿ ಸಾ?" ಎಂದಳು.

"ಮರೆತುಬಿಟ್ಟೆ ಅಕ್ಕಾ. ಸೀಲ್ ಆಫೀಸಲ್ಲಿದೆ."

"ಸೀಲ್ ಆಮೇಕೆ ಹಾಕಿ. ಒಂದು ಸಹಿ ಮಾಡಿ ಕೊಡಿ, ಸಾಕು."

ಅವಳು ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದಳು. ಪೆನ್ನು ಅಲ್ಲೇ ಇತ್ತು. ನಾನು ಕಾಗದವನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡು ಮಡಚಿದೆ.

"ಸೀಲ್ ಹಾಕ್ಸಿ ನಾಳೆ ತಂದುಕೊಡ್ತೀನಿ" ಎಂದೆ.

ಅವಳು ಸರಿ ಎಂದು ತಲೆಯಾಡಿಸಿದಳು. ನಂಬಿದಳು. ಹೊರಟಾಗ ಎದ್ದು ನಿಂತಳು ಕೂಡ. ಅದಾಗಿ ಎರಡು ವರ್ಷವಾಯಿತು, ನಾನು ಇನ್ನೂ ಹೋಗಿಲ್ಲ.